ಗುಚ್ಛದ ನಡುವಿನ ಜೋಡಿಗಳು

ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ ಎಂಬ ಮಾತನ್ನು ಖಗೋಳದ ಬಗ್ಗೆ ಅಲ್ಪಸ್ವಲ್ಪ ಓದಿದವರೂ ಕೇಳಿರುತ್ತಾರೆ. ಎರಡು ಗೆಲಾಕ್ಸಿಗಳೇ ಒಂದರೊಳಗೊಂದು ನುಗ್ಗಿ ಹಾದುಹೋದರೂ ಅವುಗಳ ನಕ್ಷತ್ರಗಳು ಪರಸ್ಪರ ತಾಗದೆ ಪಾರಾಗುತ್ತವೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ಸರಿಯೇ. ಸೂರ್ಯನ ಅಡ್ಡಳತೆ 14 ಲಕ್ಷ ಕಿ.ಮೀ. ಅತಿ ಸಮೀಪದ ನೆರೆಯ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಇರುವುದು 40 ಲಕ್ಷ ಕೋಟಿ ಕಿ.ಮೀ. ಆಚೆ. ಇಂಥ ಬಯಲಿನಲ್ಲಿ ಎರಡು ನಕ್ಷತ್ರಗಳು ಮುಖಾಮುಖಿಯಾಗಬೇಕಾದರೆ ವಿಶ್ವಕ್ಕೆ ಈವರೆಗೆ ಆಗಿರುವ ವಯಸ್ಸು ಏನೇನೂ ಸಾಲದು.

ಆದರೆ ಈ ಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ. ನಮ್ಮ ಕ್ಷೀರಪಥದಲ್ಲೇ ನಕ್ಷತ್ರಗಳು ಒಂದರ ಪಕ್ಕ ಒಂದು ಸುಳಿದು ಹೋಗುವ, ಒಂದರ ಸಂಗಾತಿಯನ್ನು ಇನ್ನೊಂದು ಕಿತ್ತುಕೊಳ್ಳುವ, ಅಪರೂಪಕ್ಕೆ ನೇರವಾಗಿ ಡಿಕ್ಕಿಯೇ ಹೊಡೆಯುವ ಜಾಗಗಳಿವೆ. ದೂರದರ್ಶಕದಲ್ಲಿ ನೋಡಿದರೆ ಅಲ್ಲಿ ಇಂಥ ಗಲಾಟೆಯ ಸುಳಿವೇ ಇರುವುದಿಲ್ಲ. ಇಡೀ ಆಕಾಶದಲ್ಲಿ ಅಷ್ಟು ಶಾಂತವಾಗಿ ಕಾಣುವ ವಸ್ತುಗಳು ಕಡಿಮೆ. ಒಳಗೆ ನಡೆಯುತ್ತಿರುವುದು ನಮಗೆ ಗೊತ್ತಾದದ್ದು 1970ರ ದಶಕದಲ್ಲಿ, ಆಸ್ಪತ್ರೆಯಲ್ಲಿ ಮೂಳೆ ನೋಡಲು ಬಳಸುವ ಎಕ್ಸ್-ರೇ ಎಂಬ ಕ್ಷ-ಕಿರಣಗಳಿಂದ.

ಲೆಕ್ಕಕ್ಕೆ ಸಿಗದ ಪಾಲು

ಏಪ್ರಿಲ್ ನಡುವಿನ ಮಧ್ಯರಾತ್ರಿ ಇಲ್ಲವೇ ಮೇ ನಡುವಿನ ರಾತ್ರಿ ಹತ್ತರ ಹೊತ್ತಿಗೆ, ಕರ್ನಾಟಕದಲ್ಲಿ ದೀಪಗಳಿಲ್ಲದ ಒಂದು ಬಯಲು ಹುಡುಕಿ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ದಿಗಂತದಿಂದ ನೆತ್ತಿಯವರೆಗಿನ ಎತ್ತರದಲ್ಲಿ ಮೂರನೇ ಒಂದು ಪಾಲಿನಷ್ಟು ಮೇಲೆ ಮಸುಕಾದ ಚುಕ್ಕೆಯೊಂದು ಬರಿಗಣ್ಣಿಗೇ ಕಾಣುತ್ತದೆ. ಸಾಧಾರಣ ಬೈನಾಕ್ಯುಲರ್ ಹಿಡಿದರೂ ಸಾಕು, ಅದು ಚುಕ್ಕೆಯಲ್ಲ, ನಡುವೆ ದಟ್ಟವಾಗಿ ಅಂಚಿನತ್ತ ತೆಳುವಾಗುತ್ತ ಹೋಗುವ ದುಂಡನೆಯ ಬೆಳಕು ಎಂಬುದು ತಿಳಿಯುತ್ತದೆ. ಅದು ಮಾಮೂಲಿ ನಕ್ಷತ್ರವಲ್ಲ ಎಂದು 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ಗುರುತಿಸಿದವನು ಎಡ್ಮಂಡ್ ಹ್ಯಾಲಿ. ಹೆಸರು ಒಮೆಗಾ ಸೆಂಟಾರಿ, ದೂರ 17 ಸಾವಿರ ಜ್ಯೋತಿರ್ವರ್ಷ. ಆ ಮಸುಕಿನಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ.

ಹೀಗೆ ತಮ್ಮದೇ ಗುರುತ್ವದಿಂದ ದುಂಡಗೆ ಒಟ್ಟುಗೂಡಿರುವ ನಕ್ಷತ್ರಗಳ ಗುಂಪೇ ಗ್ಲಾಬ್ಯುಲರ್ ಕ್ಲಸ್ಟರ್, ಕನ್ನಡದಲ್ಲಿ ಗೋಳಗುಚ್ಛ. ಕ್ಷೀರಪಥದ ಸುತ್ತ ನೂರೈವತ್ತಕ್ಕೂ ಹೆಚ್ಚು ಗೋಳಗುಚ್ಛಗಳಿವೆ. ಹೆಚ್ಚಿನವುಗಳಲ್ಲಿ ಲಕ್ಷಗಟ್ಟಲೆ ನಕ್ಷತ್ರಗಳು. ವಯಸ್ಸು ಬಹುಮಟ್ಟಿಗೆ ಸಾವಿರ ಕೋಟಿ ವರ್ಷಕ್ಕೂ ಮೇಲೆ. ಅಂದರೆ ಸೂರ್ಯ ಹುಟ್ಟುವ ಹೊತ್ತಿಗಾಗಲೇ ಇವಕ್ಕೆ ಐನೂರು ಕೋಟಿ ವರ್ಷ ದಾಟಿತ್ತು. ಸೂರ್ಯನಿಗಿಂತ ಭಾರವಾದ ನಕ್ಷತ್ರಗಳೆಲ್ಲ ಎಂದೋ ಉರಿದು ಮುಗಿದಿವೆ. ಈಗ ಬೆಳಗುತ್ತಿರುವುದು ಹಗುರವಾದ, ನಿಧಾನವಾಗಿ ಉರಿಯುವ ನಕ್ಷತ್ರಗಳು.

ಇನ್ನು ಕ್ಷ-ಕಿರಣಗಳ ಕಡೆಗೆ. ಇವು ನಮ್ಮ ವಾಯುಮಂಡಲವನ್ನು ದಾಟಿ ನೆಲ ಮುಟ್ಟುವುದಿಲ್ಲ, ಹಾಗಾಗಿ ಉಪಕರಣವನ್ನೇ ಗಾಳಿಯಿಂದಾಚೆಗೆ ಕಳಿಸಬೇಕು. 1962ರ ಜೂನ್‌ನಲ್ಲಿ ರಿಕಾರ್ಡೊ ಜಕೋನಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಹಾರಿಸಿದ ರಾಕೆಟ್ ಕೆಲವೇ ನಿಮಿಷ ಮೇಲಿದ್ದು ವೃಶ್ಚಿಕ ರಾಶಿಯ ದಿಕ್ಕಿನಲ್ಲಿ ಪ್ರಬಲವಾದ ಕ್ಷ-ಕಿರಣದ ಆಕರವೊಂದನ್ನು ಕಂಡಿತು. ಸೌರವ್ಯೂಹದ ಆಚೆಗೆ ಕಂಡ ಮೊದಲನೆಯ ಆಕರ ಅದು. 1970ರ ಡಿಸೆಂಬರ್ 12ರಂದು ಕೆನ್ಯಾದ ಕರಾವಳಿಯಾಚೆಯ ಸಮುದ್ರದ ವೇದಿಕೆಯಿಂದ ಉಹುರು ಎಂಬ ಉಪಗ್ರಹ ಮೇಲೇರಿತು. ಅಂದು ಕೆನ್ಯಾದ ಸ್ವಾತಂತ್ರ್ಯ ದಿನ, ಉಹುರು ಎಂದರೆ ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯ. ಇಡೀ ಆಕಾಶವನ್ನು ಕ್ಷ-ಕಿರಣದಲ್ಲಿ ಜಾಲಾಡಿ ಪಟ್ಟಿ ಮಾಡಿದ ಮೊದಲ ಉಪಗ್ರಹ ಇದು.

ಆ ಪಟ್ಟಿಯಲ್ಲಿದ್ದ ಕೆಲವು ಆಕರಗಳು ಗೋಳಗುಚ್ಛಗಳ ಮೇಲೆಯೇ ಬಂದು ಕೂತವು. 1975ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜಾರ್ಜ್ ಕ್ಲಾರ್ಕ್ ಇದರ ಅರ್ಥವನ್ನು ಎತ್ತಿ ತೋರಿಸಿದರು. ಕ್ಷೀರಪಥದ ನಕ್ಷತ್ರಗಳಲ್ಲಿ ಗೋಳಗುಚ್ಛಗಳ ಪಾಲು ಹತ್ತು ಸಾವಿರಕ್ಕೆ ಒಂದರಷ್ಟು. ಹಗುರವಾದ ಸಂಗಾತಿಯುಳ್ಳ, ಪ್ರಖರವಾದ ಕ್ಷ-ಕಿರಣದ ಜೋಡಿಗಳಲ್ಲಿ ಅವುಗಳ ಪಾಲು ಸುಮಾರು ಹತ್ತಕ್ಕೆ ಒಂದು. ನಕ್ಷತ್ರಗಳ ಎಣಿಕೆಯಂತೆ ಸಿಗಬೇಕಾದ ಪಾಲಿಗಿಂತ ಇದು ನೂರಾರು ಪಟ್ಟು ಹೆಚ್ಚು. ಇಷ್ಟು ದೊಡ್ಡ ಅಂತರ ಆಕಸ್ಮಿಕವಾಗಿ ಬರಲಾರದು. ಗುಚ್ಛಗಳ ಒಳಗೆ ಇಂಥ ಜೋಡಿಗಳನ್ನು ತಯಾರಿಸುವ ಏನೋ ಒಂದು ನಡೆಯುತ್ತಿರಲೇಬೇಕಿತ್ತು.

ಕ್ಷ-ಕಿರಣ ಹೊಮ್ಮುವ ಬಗೆ

ಸೂರ್ಯನಿಗಿಂತ ಹಲವು ಪಟ್ಟು ಭಾರವಾದ ನಕ್ಷತ್ರ ತನ್ನ ಉರುವಲು ಮುಗಿದಾಗ ಸಿಡಿಯುತ್ತದೆ. ಹೊರಪದರ ಚೆದುರಿಹೋಗಿ ತಿರುಳು ತನ್ನ ಭಾರಕ್ಕೆ ತಾನೇ ಕುಸಿದು ನ್ಯೂಟ್ರಾನ್ ನಕ್ಷತ್ರವಾಗುತ್ತದೆ. ಸೂರ್ಯನ ಸುಮಾರು ಒಂದೂವರೆ ಪಟ್ಟು ವಸ್ತು 20-25 ಕಿ.ಮೀ. ಅಡ್ಡಳತೆಯ ಗೋಳದಲ್ಲಿ ಅಡಕವಾಗಿರುತ್ತದೆ. ಅದರ ನೆಲದ ಮೇಲೆ ಒಂದು ಮೀಟರ್ ಎತ್ತರದಿಂದ ಕೈಬಿಟ್ಟ ವಸ್ತು ನೆಲ ಮುಟ್ಟುವಾಗ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಕಿ.ಮೀ. ವೇಗದಲ್ಲಿರುತ್ತದೆ.

ಒಂಟಿಯಾಗಿದ್ದರೆ ಇಂಥ ನಕ್ಷತ್ರ ಕಣ್ಣಿಗೆ ಬೀಳುವುದೇ ಕಷ್ಟ. ಪಕ್ಕದಲ್ಲೊಂದು ಸಾಧಾರಣ ನಕ್ಷತ್ರ ಜೋಡಿಯಾಗಿ, ಅದೂ ತೀರ ಹತ್ತಿರದಲ್ಲಿ ಸುತ್ತುತ್ತಿದ್ದರೆ ಕಥೆಯೇ ಬೇರೆ. ಸಂಗಾತಿಯ ಹೊರಪದರದ ಅನಿಲ ನ್ಯೂಟ್ರಾನ್ ನಕ್ಷತ್ರದ ಸೆಳೆತಕ್ಕೆ ಸಿಕ್ಕಿ ಇತ್ತ ಹರಿದುಬರುತ್ತದೆ. ನೇರವಾಗಿ ಬೀಳದೆ ಸುತ್ತುತ್ತ ಸುತ್ತುತ್ತ ತಟ್ಟೆಯಾಗಿ ಹರಡಿಕೊಂಡು, ಒಳಗೊಳಗೆ ಜಾರಿ, ಕೊನೆಗೆ ಬೆಳಕಿನ ವೇಗದ ಅರ್ಧದ ಆಸುಪಾಸಿನಲ್ಲಿ ನೆಲಕ್ಕಪ್ಪಳಿಸುತ್ತದೆ. ಆ ಅನಿಲದ ತಾಪ ಕೋಟಿ ಡಿಗ್ರಿ ದಾಟುತ್ತದೆ. ಅಷ್ಟು ಬಿಸಿಯಾದ ವಸ್ತು ಹೊಮ್ಮಿಸುವುದು ಮುಖ್ಯವಾಗಿ ಕ್ಷ-ಕಿರಣವನ್ನೇ. ಸೂರ್ಯನ ಒಟ್ಟು ಬೆಳಕಿನ ಸಾವಿರಾರು ಪಟ್ಟು ಶಕ್ತಿ ಒಂದು ಊರಿನಗಲದ ಗೋಳದಿಂದ ಹೊರಬೀಳುವುದು ಹೀಗೆ. ಜಲಜನಕ ಬೆಸೆದು ಹೀಲಿಯಂ ಆಗುವಾಗ ಅದರ ತೂಕದ ನೂರಕ್ಕೆ ಒಂದು ಪಾಲೂ ಶಕ್ತಿಯಾಗುವುದಿಲ್ಲ. ನ್ಯೂಟ್ರಾನ್ ನಕ್ಷತ್ರದ ಮೇಲೆ ಬರೀ ಬೀಳುವುದರಿಂದಲೇ ಹತ್ತಕ್ಕೂ ಹೆಚ್ಚು ಪಾಲು ಸಿಗುತ್ತದೆ.

ಇದೆಲ್ಲ ಗುಚ್ಛಗಳಿಗೂ ಅನ್ವಯಿಸುತ್ತದೆಯೇ ಎಂಬುದು ಮೊದಲಿಗೆ ಖಚಿತವಿರಲಿಲ್ಲ. ಗುಚ್ಛದ ನಟ್ಟನಡುವೆ ಸೂರ್ಯನ ನೂರಾರು, ಸಾವಿರಾರು ಪಟ್ಟು ತೂಕದ ಕಪ್ಪುಕುಳಿ ಕೂತು ಸುತ್ತಲ ಅನಿಲವನ್ನು ನುಂಗುತ್ತಿರಬಹುದು ಎಂದು ಕೆಲವರು 1975ರಲ್ಲಿ ಸೂಚಿಸಿದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿಯೇ ನೆದರ್ಲೆಂಡ್ಸ್‌ನ ಒಂದು ಉಪಗ್ರಹ ಧನು ರಾಶಿಯಲ್ಲಿರುವ ಎನ್‌ಜಿಸಿ 6624 ಎಂಬ ಗುಚ್ಛವನ್ನು ನೋಡುತ್ತಿತ್ತು. ಅಲ್ಲಿನ ಆಕರದ ಹೆಸರು 4ಯು 1820-30, ಅಂದರೆ ಉಹುರುವಿನ ನಾಲ್ಕನೆಯ ಪಟ್ಟಿಯಲ್ಲಿ ಬಂದದ್ದು. ಜಾನಥನ್ ಗ್ರಿಂಡ್ಲೆ ಮತ್ತು ಜಾನ್ ಹೈಸೆ ಆ ದಾಖಲೆಗಳನ್ನು ನೋಡಿದಾಗ ಕ್ಷ-ಕಿರಣ ಒಂದೇ ಸೆಕೆಂಡಿನ ಆಸುಪಾಸಿನಲ್ಲಿ ಹಲವು ಪಟ್ಟು ಏರಿ, ಹತ್ತಾರು ಸೆಕೆಂಡಿನೊಳಗೆ ಇಳಿದಿತ್ತು.

ಅದು ಏನೆಂದು ಆಮೇಲೆ ತಿಳಿಯಿತು. ಸಂಗಾತಿಯಿಂದ ಬಂದ ಅನಿಲ ನ್ಯೂಟ್ರಾನ್ ನಕ್ಷತ್ರದ ಮೇಲೆ ತಾಸುಗಟ್ಟಲೆ ಸೇರುತ್ತ ಕೆಲವು ಮೀಟರ್ ದಪ್ಪದ ಪದರವಾಗುತ್ತದೆ. ಒತ್ತಡ ಮಿತಿ ಮೀರಿದಾಗ ಪದರದಲ್ಲಿನ ಹೀಲಿಯಂ ಒಮ್ಮೆಲೇ ಬೆಸುಗೆ ಹತ್ತಿ ಇಡೀ ನೆಲ ಹೊತ್ತಿಕೊಳ್ಳುತ್ತದೆ. ಆರಿದ ಮೇಲೆ ಮತ್ತೆ ಪದರ ಕೂಡುತ್ತದೆ, ಮತ್ತೆ ಹೊತ್ತುತ್ತದೆ. ಕಪ್ಪುಕುಳಿಗೆ ನೆಲವೇ ಇಲ್ಲವಾದ್ದರಿಂದ ಅದರ ಮೇಲೆ ಪದರ ಕೂಡುವುದೂ ಇಲ್ಲ, ಹೊತ್ತಿಕೊಳ್ಳುವುದೂ ಇಲ್ಲ. ಹತ್ತು ಸೆಕೆಂಡಿನ ಆ ಮಿಂಚೊಂದೇ ಅಲ್ಲಿರುವುದು ನ್ಯೂಟ್ರಾನ್ ನಕ್ಷತ್ರ ಎನ್ನಲು ಸಾಕಾಯಿತು.

ಇರಬಾರದಿದ್ದ ಜೋಡಿಗಳು

ಇಷ್ಟಾದರೂ ಒಗಟು ಬಿಡಿಸಿದಂತಾಗಲಿಲ್ಲ, ಇನ್ನೂ ಬಿಗಿಯಾಯಿತು. ನ್ಯೂಟ್ರಾನ್ ನಕ್ಷತ್ರವನ್ನು ಹುಟ್ಟಿಸುವ ಸ್ಫೋಟ ಜೋಡಿಯನ್ನು ಒಡೆಯುವುದೇ ಹೆಚ್ಚು. ಒಟ್ಟು ತೂಕದ ಅರ್ಧಕ್ಕಿಂತ ಹೆಚ್ಚು ವಸ್ತು ಇದ್ದಕ್ಕಿದ್ದಂತೆ ಹಾರಿಹೋದರೆ ಉಳಿದೆರಡನ್ನು ಹಿಡಿದಿಡಲು ಗುರುತ್ವ ಸಾಲದು. ಮೇಲಾಗಿ ಸ್ಫೋಟ ಎಲ್ಲ ದಿಕ್ಕಿಗೂ ಒಂದೇ ಸಮ ಆಗುವುದಿಲ್ಲ. ಹುಟ್ಟಿದ ನ್ಯೂಟ್ರಾನ್ ನಕ್ಷತ್ರಕ್ಕೆ ಸೆಕೆಂಡಿಗೆ ನೂರಾರು ಕಿ.ಮೀ. ವೇಗದ ಒದೆತ ಬೀಳುತ್ತದೆ. ಗೋಳಗುಚ್ಛದಿಂದ ಪಾರಾಗಿ ಹೋಗಲು ಸೆಕೆಂಡಿಗೆ ಕೆಲವು ಹತ್ತು ಕಿ.ಮೀ. ವೇಗ ಸಾಕು. ಹಾಗಾಗಿ ಗುಚ್ಛದಲ್ಲಿ ಹುಟ್ಟಿದ ನ್ಯೂಟ್ರಾನ್ ನಕ್ಷತ್ರಗಳಲ್ಲಿ ಬಹುಪಾಲು ಹುಟ್ಟಿದೊಡನೆಯೇ ಗುಚ್ಛ ಬಿಟ್ಟು ಹೋಗಿರಬೇಕು. ಮೆಲುವಾದ ಸ್ಫೋಟದಲ್ಲಿ, ಕಡಿಮೆ ಒದೆತದಿಂದ ಹುಟ್ಟಿದ ಕೆಲವು ಮಾತ್ರ ಉಳಿದುಕೊಂಡಿವೆ, ಅವೂ ಬಹುತೇಕ ಒಂಟಿಯಾಗಿ.

ಅಂದರೆ ಗುಚ್ಛದಲ್ಲಿ ಇಂಥ ಜೋಡಿಗಳು ಹೊರಗಿನವುಗಳಿಗಿಂತ ಕಡಿಮೆ ಇರಬೇಕಿತ್ತು. ನಕ್ಷತ್ರಗಳ ಎಣಿಕೆಗೆ ಹೋಲಿಸಿದರೆ ಇರುವುದು ನೂರಾರು ಪಟ್ಟು ಹೆಚ್ಚು. ಹುಟ್ಟುವಾಗಲೇ ಜೋಡಿಯಾಗಿದ್ದ ನಕ್ಷತ್ರಗಳನ್ನು ಇಟ್ಟುಕೊಂಡು ಈ ಲೆಕ್ಕ ಸರಿದೂಗದು. ಒಂಟಿಯಾಗಿ ಉಳಿದಿದ್ದ ನ್ಯೂಟ್ರಾನ್ ನಕ್ಷತ್ರಗಳಿಗೆ ಸ್ಫೋಟವಾಗಿ ನೂರಾರು ಕೋಟಿ ವರ್ಷಗಳ ನಂತರ ಸಂಗಾತಿ ಸಿಕ್ಕಿದೆ ಎಂದೇ ಒಪ್ಪಬೇಕು. ಸಿಕ್ಕಿದ್ದು ಹೇಗೆ?

ಕೇರುವ ಮೊರ

ಸೂರ್ಯನ ಸುತ್ತ 10 ಜ್ಯೋತಿರ್ವರ್ಷದೊಳಗೆ ಇರುವುದು ಹತ್ತು-ಹನ್ನೆರಡು ನಕ್ಷತ್ರಗಳು. ದಟ್ಟವಾದ ಗೋಳಗುಚ್ಛದ ನಡುವೆ ಉದ್ದ, ಅಗಲ, ಎತ್ತರ ಒಂದೊಂದೇ ಜ್ಯೋತಿರ್ವರ್ಷದ ಜಾಗ ತೆಗೆದುಕೊಂಡರೂ ಅದರಲ್ಲಿ ಸಾವಿರಾರು ನಕ್ಷತ್ರಗಳಿರುತ್ತವೆ. ಅಲ್ಲಿ ನೆರೆಯ ನಕ್ಷತ್ರದ ಬೆಳಕು ತಲುಪಲು ನಾಲ್ಕು ವರ್ಷ ಬೇಡ, ಕೆಲವು ವಾರ ಸಾಕು. ಈ ದಟ್ಟಣೆಯಲ್ಲಿ ನಕ್ಷತ್ರಗಳು ಸುಮ್ಮನೆ ನಿಂತಿಲ್ಲ. ಸೆಕೆಂಡಿಗೆ ಹತ್ತು ಕಿ.ಮೀ. ಆಸುಪಾಸಿನ ವೇಗದಲ್ಲಿ ಗುಚ್ಛದ ಒಳಗೂ ಹೊರಗೂ ಓಡಾಡುತ್ತಿರುತ್ತವೆ, ಹಾದುಹೋಗುವಾಗಲೆಲ್ಲ ಒಂದನ್ನೊಂದು ಅಷ್ಟಿಷ್ಟು ಎಳೆಯುತ್ತವೆ.

ಮೊರದಲ್ಲಿ ರಾಗಿಯನ್ನೋ ಭತ್ತವನ್ನೋ ಕೇರುವುದನ್ನು ನೆನಪಿಸಿಕೊಳ್ಳಿ. ಮೊರ ಒಂದೇ ಲಯದಲ್ಲಿ ಕುಣಿಯುತ್ತದೆ, ಕೇರುವವರು ಒಂದೊಂದು ಕಾಳನ್ನೂ ಆರಿಸುವುದಿಲ್ಲ. ಆದರೂ ಹೊಟ್ಟು ಅಂಚಿನತ್ತ ಹಾರಿಹೋಗಿ ಗಟ್ಟಿಕಾಳು ಒಳಗೆ ಉಳಿಯುತ್ತದೆ. ಗೋಳಗುಚ್ಛ ಹೀಗೆಯೇ ಕೇರುತ್ತದೆ. ಮೊರದಲ್ಲಿ ಬೇರ್ಪಡಿಸುವುದು ಗಾಳಿ. ಗುಚ್ಛದಲ್ಲಿ ಗಾಳಿಯಿಲ್ಲ, ಆ ಕೆಲಸ ಗುರುತ್ವದ್ದು. ಎರಡು ನಕ್ಷತ್ರಗಳು ಸಮೀಪ ಹಾದಾಗ ಭಾರವಾದದ್ದು ತನ್ನ ಚಲನೆಯ ಶಕ್ತಿಯಲ್ಲಿ ಒಂದಿಷ್ಟನ್ನು ಹಗುರವಾದದ್ದಕ್ಕೆ ಬಿಟ್ಟುಕೊಡುವುದೇ ಹೆಚ್ಚು. ಒಂದು ಭೇಟಿಯಲ್ಲಿ ಆಗುವುದು ಅತ್ಯಲ್ಪ. ಕೋಟ್ಯಂತರ ವರ್ಷ, ಸಾವಿರಾರು ಭೇಟಿ ಕಳೆದ ಮೇಲೆ ವ್ಯತ್ಯಾಸ ಎದ್ದು ಕಾಣುತ್ತದೆ. ಶಕ್ತಿ ಗಳಿಸಿದ ಹಗುರ ನಕ್ಷತ್ರಗಳು ಹೊರವಲಯಕ್ಕೆ ಹೋಗುತ್ತವೆ, ಕೆಲವು ಗುಚ್ಛವನ್ನೇ ಬಿಟ್ಟು ಹೋಗುತ್ತವೆ. ಶಕ್ತಿ ಕಳೆದುಕೊಂಡ ಭಾರದವು ಒಳಕ್ಕೆ ಇಳಿಯುತ್ತವೆ.

ಇಂದು ಗುಚ್ಛದಲ್ಲಿ ಬೆಳಗುತ್ತಿರುವ ನಕ್ಷತ್ರಗಳಲ್ಲಿ ಅತಿ ಭಾರದ್ದು ಸೂರ್ಯನ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಒಂದೂವರೆ ಸೂರ್ಯನ ತೂಕದ ನ್ಯೂಟ್ರಾನ್ ನಕ್ಷತ್ರ ಅವುಗಳ ನಡುವೆ ಗಟ್ಟಿಕಾಳು. ಅದು ಇಳಿದಿಳಿದು ಗುಚ್ಛದ ನಡುವನ್ನೇ ಸೇರುತ್ತದೆ. ಜೋಡಿ ನಕ್ಷತ್ರಗಳದ್ದೂ ಅದೇ ಪಾಡು. ಎರಡೂ ಸೇರಿದ ತೂಕ ಒಂಟಿ ನಕ್ಷತ್ರಕ್ಕಿಂತ ಹೆಚ್ಚಾದ್ದರಿಂದ ಅವೂ ನಡುವಿಗೇ ಬರುತ್ತವೆ. ನ್ಯೂಟ್ರಾನ್ ನಕ್ಷತ್ರವೂ ಜೋಡಿಗಳೂ ಗುಚ್ಛದ ಅತಿ ಇಕ್ಕಟ್ಟಾದ ಜಾಗದಲ್ಲಿ ಹೀಗೆ ಒಟ್ಟು ಸೇರುತ್ತವೆ.

ಈ ಇಳಿತ ಬರಿಯ ಊಹೆಯಲ್ಲ, ಅಳೆದು ನೋಡಿದ್ದು. ಗುಚ್ಛಗಳ ಕ್ಷ-ಕಿರಣದ ಆಕರಗಳು ನಡುವಿನಿಂದ ಎಷ್ಟೆಷ್ಟು ಸರಿದಿವೆ ಎಂದು ಐನ್‌ಸ್ಟೈನ್ ಎಂಬ ಕ್ಷ-ಕಿರಣದ ಉಪಗ್ರಹದ ನೆರವಿನಿಂದ ಅಳೆದ ಗ್ರಿಂಡ್ಲೆ ತಂಡ 1984ರಲ್ಲಿ ಅದರಿಂದಲೇ ಅವುಗಳ ತೂಕ ಲೆಕ್ಕ ಹಾಕಿತು. ಸಾವಿರ ಸೂರ್ಯರ ತೂಕದ ಕಪ್ಪುಕುಳಿಯಾಗಿದ್ದರೆ ಅದು ನಟ್ಟನಡುವೆ ಕದಲದೆ ಕೂತಿರಬೇಕಿತ್ತು. ಆಕರಗಳು ಸ್ವಲ್ಪ ಆಚೀಚೆ ಇದ್ದವು. ಸಿಕ್ಕ ತೂಕ ಸೂರ್ಯನ ಒಂದೂವರೆ ಪಟ್ಟಿನ ಆಸುಪಾಸು. ಅಷ್ಟು ದೂರದ ವಸ್ತುವನ್ನು, ಅದು ಗುಚ್ಛದಲ್ಲಿ ಕೂತ ಜಾಗ ನೋಡಿಯೇ ತೂಗಿದ ಈ ಕೆಲಸ ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮೆಚ್ಚುಗೆಯಾದದ್ದು.

ಮೂರು ಸೇರಿದಾಗ

ಒಂಟಿ ನ್ಯೂಟ್ರಾನ್ ನಕ್ಷತ್ರ ಮತ್ತೊಂದು ಒಂಟಿ ನಕ್ಷತ್ರವನ್ನು ಸುಮ್ಮನೆ ಹಿಡಿದಿಟ್ಟುಕೊಳ್ಳಲಾರದು. ಸಮೀಪಿಸುವಾಗ ಎಷ್ಟು ವೇಗ ಗಳಿಸುತ್ತವೋ ಅಷ್ಟೇ ವೇಗದಲ್ಲಿ ದೂರವಾಗುತ್ತವೆ. ಜೋಡಿಯಾಗಬೇಕಾದರೆ ಆ ಹೆಚ್ಚುವರಿ ಶಕ್ತಿ ಎಲ್ಲಿಗಾದರೂ ಹೋಗಬೇಕು. 1975ರಲ್ಲಿ ಕೇಂಬ್ರಿಜ್‌ನ ಫೇಬಿಯನ್, ಪ್ರಿಂಗಲ್ ಮತ್ತು ರೀಸ್ ಒಂದು ದಾರಿ ತೋರಿಸಿದರು. ನ್ಯೂಟ್ರಾನ್ ನಕ್ಷತ್ರ ಮೈಸವರುವಷ್ಟು ಹತ್ತಿರ ಹಾದರೆ ಸಾಧಾರಣ ನಕ್ಷತ್ರದ ಒಡಲಿನಲ್ಲಿ ದೊಡ್ಡ ಉಬ್ಬರವೇಳುತ್ತದೆ, ಶಕ್ತಿ ಅದರಲ್ಲಿ ಕರಗುತ್ತದೆ, ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದೇ ವರ್ಷ ಇಂಡೋನೇಷ್ಯಾದ ವಿನಾರ್ದಿ ಸುತಾಂತ್ಯೊ ಇನ್ನೊಂದು ದಾರಿ ಹೇಳಿದರು. ನ್ಯೂಟ್ರಾನ್ ನಕ್ಷತ್ರ ವಯಸ್ಸಾಗಿ ಊದಿಕೊಂಡ ನಕ್ಷತ್ರಕ್ಕೆ, ಅಂದರೆ ಕೆಂಪುದೈತ್ಯಕ್ಕೆ, ನೇರವಾಗಿ ಡಿಕ್ಕಿ ಹೊಡೆದು ಅದರೊಳಗೇ ಸಿಕ್ಕಿಕೊಳ್ಳಬಹುದು.

ಇವೆರಡಕ್ಕಿಂತ ವಿಸ್ತಾರವಾಗಿ ಕೆಲಸ ಮಾಡುವ ದಾರಿ ಮೂರನೆಯದು. ಗುಚ್ಛದ ನಡುವೆ ಮಾಮೂಲಿ ಜೋಡಿಯೊಂದಿದೆ ಎನ್ನೋಣ. ಎರಡರ ನಡುವಿನ ಅಂತರ ಭೂಮಿಗೂ ಸೂರ್ಯನಿಗೂ ಇರುವಷ್ಟು, 15 ಕೋಟಿ ಕಿ.ಮೀ. ಒಂಟಿ ನಕ್ಷತ್ರಕ್ಕೆ ಹೋಲಿಸಿದರೆ ಈ ಜೋಡಿಯ ಅಗಲ ನೂರು ಪಟ್ಟು, ಹಾಗಾಗಿ ಹಾದುಹೋಗುವ ನಕ್ಷತ್ರ ಇದರ ನಡುವೆ ಸಿಕ್ಕಿಬೀಳುವ ಸಂಭವ ಬಹಳ ಹೆಚ್ಚು. ಗುಚ್ಛದಲ್ಲಿ ನಕ್ಷತ್ರಗಳ ವೇಗ ಕಡಿಮೆಯಿರುವುದರಿಂದ ಒಂದರ ಸೆಳೆತದಲ್ಲಿ ಇನ್ನೊಂದು ಹೆಚ್ಚು ಹೊತ್ತು ಉಳಿಯುತ್ತದೆ, ದಾರಿ ಬಾಗಿ ಇನ್ನಷ್ಟು ಹತ್ತಿರ ಬರುತ್ತದೆ.

ಈ ಜೋಡಿಯೊಳಕ್ಕೆ ನ್ಯೂಟ್ರಾನ್ ನಕ್ಷತ್ರವೊಂದು ನುಗ್ಗುತ್ತದೆ. ಎರಡು ವಸ್ತುಗಳಿದ್ದಾಗ ಸುತ್ತು ಅಚ್ಚುಕಟ್ಟು, ಮೂರಾದೊಡನೆ ಅಚ್ಚುಕಟ್ಟು ಹೋಯಿತು. ಮೂರೂ ಒಂದನ್ನೊಂದು ಎಳೆದಾಡುತ್ತ, ಒಮ್ಮೆ ಇವೆರಡು ಹತ್ತಿರ, ಒಮ್ಮೆ ಅವೆರಡು ಹತ್ತಿರವಾಗುತ್ತ ಗೊತ್ತುಗುರಿಯಿಲ್ಲದ ಹಾದಿಗಳಲ್ಲಿ ತಿರುಗುತ್ತವೆ. ಇದು ಬಹುಕಾಲ ನಡೆಯದು. ಯಾವುದೋ ಒಂದು ಸಾಕಷ್ಟು ವೇಗ ಗಳಿಸಿ ಹೊರಕ್ಕೆ ಹಾರುತ್ತದೆ, ಉಳಿದೆರಡು ಜೋಡಿಯಾಗುತ್ತವೆ. ಹಾರಿಹೋಗುವುದು ಯಾವುದು? ಮತ್ತೆ ಮೊರದ ನಿಯಮವೇ. ಬಹುತೇಕ ಹಗುರವಾದದ್ದು. ಸೂರ್ಯನ ಅರ್ಧ ತೂಕದ ನಕ್ಷತ್ರ ತನ್ನ ಹಳೆಯ ಸಂಗಾತಿಯನ್ನು ಬಿಟ್ಟು ಹೋಗುತ್ತದೆ, ಅದರ ಸ್ಥಾನಕ್ಕೆ ನ್ಯೂಟ್ರಾನ್ ನಕ್ಷತ್ರ ಬರುತ್ತದೆ. ಮುಂದೆ ಹಾದುಹೋಗುವ ನಕ್ಷತ್ರಗಳ ಎಳೆದಾಟದಲ್ಲಿ ಈ ಹೊಸ ಜೋಡಿ ಇನ್ನೂ ಬಿಗಿಯಾಗಬಹುದು. ಬಿಗಿಯಾದ ಜೋಡಿ ಇಂಥ ಭೇಟಿಗಳಲ್ಲಿ ಮತ್ತೂ ಬಿಗಿಯಾಗುತ್ತದೆ, ಸಡಿಲವಾದದ್ದು ಇನ್ನೂ ಸಡಿಲವಾಗಿ ಒಡೆಯುತ್ತದೆ ಎಂದು ಡಗ್ಲಸ್ ಹೆಗ್ಗಿ 1975ರಲ್ಲೇ ತೋರಿಸಿದ್ದರು. ಕೊನೆಗೊಂದು ದಿನ ಸಾಧಾರಣ ನಕ್ಷತ್ರ ವಯಸ್ಸಾಗಿ ಊದಿಕೊಂಡಾಗ, ಅಥವಾ ಸುತ್ತು ಸಾಕಷ್ಟು ಕಿರಿದಾದಾಗ, ಅನಿಲ ಹರಿಯತೊಡಗುತ್ತದೆ. ಕ್ಷ-ಕಿರಣ ಹೊಮ್ಮುತ್ತದೆ.

4ಯು 1820-30 ಎಷ್ಟು ಬಿಗಿಯಾದ ಜೋಡಿ ಎಂಬುದು 1987ರಲ್ಲಿ ತಿಳಿಯಿತು. ಯುರೋಪಿನ ಎಕ್ಸೋಸ್ಯಾಟ್ ಉಪಗ್ರಹದ ದಾಖಲೆಗಳಲ್ಲಿ ಅದರ ಪ್ರಭೆ 685 ಸೆಕೆಂಡಿಗೊಮ್ಮೆ ನವಿರಾಗಿ ಏರಿಳಿಯುತ್ತಿತ್ತು. ಅದೇ ಅದರ ವರ್ಷ, ಹನ್ನೊಂದು ನಿಮಿಷ ಚಿಲ್ಲರೆ. ಲೆಕ್ಕ ಹಾಕಿದರೆ ಎರಡರ ನಡುವಿನ ಅಂತರ 1,30,000 ಕಿ.ಮೀ. ಸುಮಾರಿಗೆ ಬರುತ್ತದೆ, ಭೂಮಿಯಿಂದ ಚಂದ್ರನಿಗಿರುವ ದೂರದ ಮೂರನೇ ಒಂದು ಪಾಲು. ಸಂಗಾತಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಕಿ.ಮೀ. ವೇಗದಲ್ಲಿ ಸುತ್ತುತ್ತಿದೆ. ಇಷ್ಟು ಸಣ್ಣ ಜಾಗದಲ್ಲಿ ಸೂರ್ಯನಂಥ ನಕ್ಷತ್ರ ಹಿಡಿಸುವುದೇ ಇಲ್ಲ. ಅಲ್ಲಿರುವುದು ಹೊರಪದರವನ್ನೆಲ್ಲ ಕಳೆದುಕೊಂಡ ಹೀಲಿಯಂ ತಿರುಳು, ಒಂದು ಶ್ವೇತಕುಬ್ಜ. ಇದಕ್ಕೆ ಕೆಂಪುದೈತ್ಯದ ಡಿಕ್ಕಿ ಚೆನ್ನಾಗಿ ಹೊಂದುತ್ತದೆ ಎಂದು ಡಚ್ ವಿಜ್ಞಾನಿ ಫ್ರಾಂಕ್ ವರ್ಬುಂಟ್ ತೋರಿಸಿದರು. ನ್ಯೂಟ್ರಾನ್ ನಕ್ಷತ್ರ ದೈತ್ಯಕ್ಕೆ ಅಪ್ಪಳಿಸಿತು, ದೈತ್ಯದ ಹೊರಪದರ ಚೆದುರಿಹೋಯಿತು, ಉಳಿದ ತಿರುಳು ನ್ಯೂಟ್ರಾನ್ ನಕ್ಷತ್ರದ ಸುತ್ತ ಸಿಕ್ಕಿಬಿತ್ತು. ಗುರುತ್ವದ ಅಲೆಗಳಲ್ಲಿ ಶಕ್ತಿ ಸೋರಿ ಸುತ್ತು ಕಿರಿದಾಯಿತು.

ಎಣಿಕೆಯೋ ದಟ್ಟಣೆಯೋ

ನಕ್ಷತ್ರಗಳ ಭೇಟಿಯೇ ಜೋಡಿಗಳನ್ನು ತಯಾರಿಸುತ್ತಿದ್ದರೆ ಒಂದು ಮಾತು ಸ್ಪಷ್ಟವಾಗಿ ಹೇಳಬಹುದು. ಗುಚ್ಛದಲ್ಲಿ ಎಷ್ಟು ನಕ್ಷತ್ರಗಳಿವೆ ಎನ್ನುವುದಕ್ಕಿಂತ ಎಷ್ಟು ಒತ್ತಾಗಿವೆ ಎನ್ನುವುದು ಮುಖ್ಯವಾಗಬೇಕು. ಅದೇ ಜಾಗದಲ್ಲಿ ನಕ್ಷತ್ರಗಳು ಎರಡು ಪಟ್ಟಾದರೆ ಭೇಟಿಗಳು ನಾಲ್ಕು ಪಟ್ಟಾಗುತ್ತವೆ.

ಒಮೆಗಾ ಸೆಂಟಾರಿಯನ್ನೇ ತೆಗೆದುಕೊಳ್ಳಿ. ಕ್ಷೀರಪಥದ ಗುಚ್ಛಗಳಲ್ಲೆಲ್ಲ ದೊಡ್ಡದು ಅದು, ಆದರೂ ಪ್ರಖರವಾದ ಕ್ಷ-ಕಿರಣದ ಜೋಡಿ ಒಂದೂ ಇಲ್ಲ. ಎನ್‌ಜಿಸಿ 6624ರಲ್ಲಿ ಅದರ ಹತ್ತನೇ ಒಂದು ಪಾಲು ನಕ್ಷತ್ರಗಳೂ ಇಲ್ಲ, ಆದರೂ 4ಯು 1820-30 ಅಲ್ಲಿದೆ. ಒಮೆಗಾದ ನಡುಭಾಗ ವಿಶಾಲವಾಗಿ ಹರಡಿಕೊಂಡಿದೆ, 6624ರದ್ದು ಒಳಕ್ಕೆ ಕುಸಿದು ವಿಪರೀತ ಇಕ್ಕಟ್ಟಾಗಿದೆ.

ಒಂದೆರಡು ಗುಚ್ಛ ನೋಡಿ ತೀರ್ಮಾನಿಸಬಾರದು, ನಿಜ. ಅದಕ್ಕೆ ಬೇಕಾದ ಕಣ್ಣು 1999ರಲ್ಲಿ ಬಂತು. ಅಮೆರಿಕದ ಚಂದ್ರ ದೂರದರ್ಶಕ, ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ ಅವರ ಹೆಸರಿನದು, ಕ್ಷ-ಕಿರಣದಲ್ಲಿ ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾಗಿ ನೋಡಬಲ್ಲದು. ದಕ್ಷಿಣದ ಆಕಾಶದ 47 ಟುಕಾನೆ ಎಂಬ ಗುಚ್ಛದ ನಡುವೆ ಅದು ನೂರಕ್ಕೂ ಹೆಚ್ಚು ಮಂದ ಆಕರಗಳನ್ನು ಬಿಡಿಬಿಡಿಯಾಗಿ ಕಂಡಿತು. (ಬೆಂಗಳೂರಿನಿಂದ ನೋಡಿದರೆ ಈ ಗುಚ್ಛ ದಿಗಂತದಿಂದ ಐದೇ ಡಿಗ್ರಿ ಮೇಲೇಳುತ್ತದೆ, ಕಟ್ಟಡಗಳ ನಡುವೆ ಕಾಣುವುದು ಕಷ್ಟ.) ಆಮೇಲೆ ಹಲವು ಗುಚ್ಛಗಳನ್ನು ಹೀಗೆ ನೋಡಿ ಡೇವಿಡ್ ಪೂಲಿ ಮತ್ತು ಸಂಗಡಿಗರು 2003ರಲ್ಲಿ ಎಣಿಕೆ ಪ್ರಕಟಿಸಿದರು. ಒಂದೊಂದು ಗುಚ್ಛದಲ್ಲೂ ನಕ್ಷತ್ರಗಳ ಭೇಟಿ ಎಷ್ಟು ಬಾರಿ ನಡೆಯುತ್ತದೆ ಎಂದು ಲೆಕ್ಕ ಹಾಕಿ ಪಕ್ಕದಲ್ಲಿ ಆಕರಗಳ ಸಂಖ್ಯೆ ಇಟ್ಟಾಗ ಎರಡೂ ಒಟ್ಟಿಗೆ ಏರುತ್ತಿದ್ದವು. ಗುಚ್ಛದ ಒಟ್ಟು ತೂಕದ ಜೊತೆ ಅಷ್ಟು ಚೆನ್ನಾಗಿ ಹೊಂದಲಿಲ್ಲ.

ಇದೇ ದೂರದರ್ಶಕ ಎಂ15 ಎಂಬ ಗುಚ್ಛದ ಹಳೆಯ ತಕರಾರೊಂದನ್ನೂ ಬಗೆಹರಿಸಿತು. ಅಲ್ಲಿನ ಏಕೈಕ ಪ್ರಖರ ಆಕರವನ್ನು ನಾವು ಅದರ ಅನಿಲದ ತಟ್ಟೆಯ ಅಂಚಿನ ಕಡೆಯಿಂದ ನೋಡುತ್ತಿದ್ದೇವೆ, ಹಾಗಾಗಿ ನ್ಯೂಟ್ರಾನ್ ನಕ್ಷತ್ರ ತಟ್ಟೆಯ ಹಿಂದೆ ಮರೆಯಾಗಿದೆ ಎಂದು ಎಲ್ಲರೂ ತಿಳಿದಿದ್ದರು. ಆದರೆ 1988ರಲ್ಲಿ ಜಪಾನಿನ ಗಿಂಗಾ ಉಪಗ್ರಹ ಅದೇ ದಿಕ್ಕಿನಿಂದ ಪ್ರಬಲವಾದ ಮಿಂಚೊಂದನ್ನು ಕಂಡಿತ್ತು. ನೆಲ ಮರೆಯಾಗಿದ್ದರೆ ನೆಲ ಹೊತ್ತಿದ್ದು ಕಂಡದ್ದು ಹೇಗೆ? 2001ರಲ್ಲಿ ಚಂದ್ರ ದೂರದರ್ಶಕ ಆ ಒಂದನ್ನು ಎರಡಾಗಿ ಬಿಡಿಸಿತು. ಒಂದು ಡಿಗ್ರಿಯ ಅತಿ ಸಣ್ಣ ಪಾಲಿನಷ್ಟು, ಮೂರು ಆರ್ಕ್ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡು ಬೇರೆ ಬೇರೆ ಜೋಡಿಗಳಿದ್ದವು. ಮರೆಯಾಗಿದ್ದದ್ದು ಒಂದು, ಮಿಂಚಿದ್ದು ಇನ್ನೊಂದು.

ಬೆಂಗಳೂರಿನಿಂದ ಬಂದ ಉತ್ತರ

ಕ್ಷ-ಕಿರಣದ ಈ ಜೋಡಿಗಳು ಮುಂದೆ ಏನಾಗುತ್ತವೆ? ಈ ಪ್ರಶ್ನೆಗೆ ಉತ್ತರ ಬಂದದ್ದು ಗುಚ್ಛಗಳಿಗೆ ಸಂಬಂಧವೇ ಇಲ್ಲದ ಒಂದು ಶೋಧದಿಂದ. 1982ರಲ್ಲಿ ಡಾನ್ ಬ್ಯಾಕರ್ ಮತ್ತು ಸಂಗಡಿಗರು ಸೆಕೆಂಡಿಗೆ 642 ಬಾರಿ ತನ್ನ ಸುತ್ತ ತಾನು ತಿರುಗುವ ಪಲ್ಸಾರ್ ಒಂದನ್ನು ಕಂಡುಹಿಡಿದರು. ಪಲ್ಸಾರ್ ಎಂದರೆ ತಿರುಗುತ್ತ ರೇಡಿಯೊ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರ. ಹುಬ್ಬಳ್ಳಿಯಲ್ಲಿ ಬೆಳೆದು ಆಗ ಬರ್ಕ್ಲಿಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಶ್ರೀನಿವಾಸ ಕುಲಕರ್ಣಿ ಆ ತಂಡದಲ್ಲಿದ್ದರು. ಪಲ್ಸಾರ್‌ಗಳು ವಯಸ್ಸಾದಂತೆ ನಿಧಾನವಾಗುತ್ತವೆ, ಆದ್ದರಿಂದ ಇಷ್ಟು ವೇಗದ್ದು ಎಳೆಯದಾಗಿರಬೇಕು. ಆದರೆ ಸುತ್ತ ಸ್ಫೋಟದ ಕುರುಹೇ ಇರಲಿಲ್ಲ, ಎಲ್ಲ ಲಕ್ಷಣವೂ ಹಳೆಯದರದ್ದು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಅದೇ ವರ್ಷ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ವಿವರಣೆ ಬರೆದರು. ಇದು ಹಳೆಯ ನ್ಯೂಟ್ರಾನ್ ನಕ್ಷತ್ರವೇ. ಸಂಗಾತಿಯಿಂದ ಬಂದು ಬಿದ್ದ ಅನಿಲ ತನ್ನ ಸುತ್ತಾಟವನ್ನೂ ಜೊತೆಗೆ ತಂದು ಅದನ್ನು ಮತ್ತೆ ವೇಗವಾಗಿ ತಿರುಗಿಸಿದೆ, ಎರಡನೆಯ ಆಯುಷ್ಯ ಕೊಟ್ಟಿದೆ. ಅಮೆರಿಕದಲ್ಲಿ ಆಲ್ಪರ್ ಮತ್ತು ಸಂಗಡಿಗರು ಸ್ವತಂತ್ರವಾಗಿ ಇದೇ ನಿಲುವಿಗೆ ಬಂದರು. ಈ ವಿಷಯದ ಇಂಗ್ಲಿಷ್ ಜನಪ್ರಿಯ ಬರಹಗಳಲ್ಲಿ ಬೆಂಗಳೂರಿನ ಹೆಸರು ಬರುವುದು ಅಪರೂಪ. ಬರಬೇಕು.

ಅವರು ಹೇಳಿದ್ದು ಸರಿಯಾದರೆ ಹಳೆಯ ನ್ಯೂಟ್ರಾನ್ ನಕ್ಷತ್ರಗಳಿಗೆ ಸಂಗಾತಿ ಒದಗಿಸುವ ಗೋಳಗುಚ್ಛಗಳಲ್ಲಿ ಇಂಥ ವೇಗದ ಪಲ್ಸಾರ್‌ಗಳು ತುಂಬಿರಬೇಕು. 1987ರಲ್ಲಿ ಎಂ28 ಗುಚ್ಛದಲ್ಲಿ ಮೊದಲನೆಯದು ಸಿಕ್ಕಿತು. ಇಂದು ಗುಚ್ಛಗಳಲ್ಲಿ ಸಿಕ್ಕಿರುವ ಪಲ್ಸಾರ್‌ಗಳ ಸಂಖ್ಯೆ ಮುನ್ನೂರು ದಾಟಿದೆ. ಟೆರ್ಜಾನ್ 5 ಎಂಬ ಒಂದೇ ಗುಚ್ಛದಲ್ಲಿ ನಲವತ್ತಕ್ಕೂ ಹೆಚ್ಚು, ಅವುಗಳಲ್ಲೊಂದು ಸೆಕೆಂಡಿಗೆ 716 ಬಾರಿ ತಿರುಗುತ್ತದೆ.

ಪರಿವರ್ತನೆ ಕಣ್ಣೆದುರೇ ನಡೆದದ್ದು 2013ರಲ್ಲಿ, ಅದೂ ಎಂ28ರಲ್ಲೇ. ರೇಡಿಯೊ ಪಲ್ಸಾರ್ ಎಂದು ಮೊದಲೇ ಗುರುತಿಸಿದ್ದ ಒಂದು ನ್ಯೂಟ್ರಾನ್ ನಕ್ಷತ್ರ ಆ ವರ್ಷ ಇದ್ದಕ್ಕಿದ್ದಂತೆ ಕ್ಷ-ಕಿರಣದಲ್ಲಿ ಪ್ರಜ್ವಲಿಸಿತು. ಆ ಕ್ಷ-ಕಿರಣದಲ್ಲಿ ಸೆಕೆಂಡಿಗೆ 254 ಮಿಡಿತ, ಪಲ್ಸಾರ್‌ನದೇ ಲಯ. ಸಂಗಾತಿಯ ಅನಿಲ ಬೀಳುವಾಗ ಅದು ಕ್ಷ-ಕಿರಣದ ಜೋಡಿ, ಅನಿಲ ನಿಂತಾಗ ರೇಡಿಯೊ ಪಲ್ಸಾರ್. ಕೆಲವೇ ವಾರಗಳಲ್ಲಿ ಅದರ ರೇಡಿಯೊ ಮಿಡಿತ ಮತ್ತೆ ಕೇಳಿಸಿತು. ಬೆಂಗಳೂರಿನಲ್ಲಿ ಕಾಗದದ ಮೇಲೆ ಬರೆದ ಎರಡು ಅವಸ್ಥೆಗಳನ್ನೂ ಒಂದೇ ನಕ್ಷತ್ರ ಕೆಲವು ವಾರಗಳಲ್ಲಿ ತೋರಿಸಿತು.

ಸಂಗಾತಿ ಬದಲಾದ ಪಲ್ಸಾರ್

ಗುಚ್ಛದೊಳಗಿನ ಅದಲು-ಬದಲು ಅಲ್ಲಿಗೇ ನಿಲ್ಲುವುದಿಲ್ಲ. ಕಪೋತ ನಕ್ಷತ್ರಪುಂಜದಲ್ಲಿ, ಸುಮಾರು 40 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ ಎನ್‌ಜಿಸಿ 1851 ಎಂಬ ಬಹಳ ದಟ್ಟವಾದ ಗುಚ್ಛವಿದೆ. ಹದಿನೇಳು ನಿಮಿಷಕ್ಕೊಂದು ಸುತ್ತು ಮುಗಿಸುವ ಕ್ಷ-ಕಿರಣದ ಜೋಡಿಯೊಂದು ಅಲ್ಲಿದೆ. ಪುಣೆ ಸಮೀಪದ ಬೃಹತ್ ರೇಡಿಯೊ ದೂರದರ್ಶಕ ಜಿಎಂಆರ್‌ಟಿ ಬಳಸಿ ಪಾವ್ಲೊ ಫ್ರೇರೆ ಮತ್ತು ಸಂಗಡಿಗರು 2004ರಲ್ಲಿ ಅದೇ ಗುಚ್ಛದಲ್ಲಿ ಒಂದು ವೇಗದ ಪಲ್ಸಾರ್ ಕಂಡುಹಿಡಿದರು. ಅದರ ಸುತ್ತು ವಿಪರೀತ ಉದ್ದನೆಯ ಅಂಡಾಕಾರ. ಸಂಗಾತಿಯಿಂದ ಅನಿಲ ಹರಿಯುವಾಗ ಸುತ್ತು ದುಂಡಗಾಗುತ್ತದೆ. ಇಲ್ಲಿ ದುಂಡಗಿಲ್ಲ ಎಂದರೆ, ಪಲ್ಸಾರ್‌ಗೆ ವೇಗ ಕೊಟ್ಟ ಹಳೆಯ ಸಂಗಾತಿಯನ್ನು ಹೊರಹಾಕಿ ಬೇರೊಂದು ಆ ಜಾಗಕ್ಕೆ ಬಂದಿದೆ.

ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ದೂರದರ್ಶಕದಿಂದ ಇದೇ ಗುಚ್ಛದಲ್ಲಿ ಇನ್ನೂ ಹಲವು ಪಲ್ಸಾರ್‌ಗಳು ಸಿಕ್ಕವು. ಅವುಗಳಲ್ಲಿ ಒಂದರ ವಿವರ 2024ರ ಜನವರಿಯಲ್ಲಿ ಪ್ರಕಟವಾಯಿತು. ಏಳು ದಿನಕ್ಕೊಂದು ಸುತ್ತು. ಸಂಗಾತಿ ಯಾವ ಬೆಳಕಿನಲ್ಲೂ ಕಾಣದು. ಪಲ್ಸಾರ್‌ನ ಮಿಡಿತದ ಹೊತ್ತುಗಳನ್ನು ಅಳೆದು ಸಂಗಾತಿಯ ತೂಕ ಸೂರ್ಯನ 2.09ರಿಂದ 2.71 ಪಟ್ಟು ಎಂದು ಕಂಡುಕೊಂಡರು. ಪಲ್ಸಾರ್‌ಗೆ ಅನಿಲ ಕೊಟ್ಟು ಇಷ್ಟು ವೇಗವಾಗಿ ತಿರುಗಿಸಿದ್ದು ಇದಾಗಿರಲಾರದು. ಹಗುರವಾದ ಹಳೆಯ ಸಂಗಾತಿಯನ್ನು ಹೊರದಬ್ಬಿ ಈ ಭಾರದ್ದು ಒಳಗೆ ಬಂದಿದೆ. ಎರಡು ನ್ಯೂಟ್ರಾನ್ ನಕ್ಷತ್ರಗಳು ಸೇರಿ ಒಂದಾದ ವಸ್ತು ಇದಾಗಿರಬಹುದು ಎಂದು ಆ ತಂಡದವರು ಬರೆದಿದ್ದಾರೆ. ಇದು ಈವರೆಗೆ ಕಂಡ ಅತಿ ಭಾರದ ನ್ಯೂಟ್ರಾನ್ ನಕ್ಷತ್ರಗಳಲ್ಲೊಂದು, ಇಲ್ಲವೇ ಅತಿ ಹಗುರವಾದ ಕಪ್ಪುಕುಳಿ. ಎರಡನೆಯದೇ ನಿಜವಾದರೆ, ಕಪ್ಪುಕುಳಿಯ ಸುತ್ತ ಸುತ್ತುವ ರೇಡಿಯೊ ಪಲ್ಸಾರ್ ನಮಗೆ ಮೊದಲ ಬಾರಿ ಸಿಕ್ಕಂತೆ.